ಚಂದ್ರಿ ಕೇಳಿದ ಸೀರೆ

ಎಲ್ಲ ತಂಟೆಗೂ ಮೂಲ ಚಂದ್ರಿಯ ಹಟ. ಚಂದ್ರಿ ಎಂದರೆ ಭೋಜ ಊರಿನ ಅಣ್ಣಾಸಾಬನ ಮನೆಯ ಎಮ್ಮೆ. ಹಣೆಯ ಮೇಲೆ ಉಗುರಿನಷ್ಟು ಬಿಳಿ ಮಚ್ಚೆ ಇದ್ದದ್ದರಿಂದ ಅದಕ್ಕೆ ಆ ಹೆಸರು ಬಂದಿತ್ತು. ಅದು ಈದು ಕರು ಇನ್ನೂ ತೊಡರುಗಾಲು ಹಾಕುತ್ತಿರುವಾಗಲೇ ಅಣ್ಣಾಸಾಬನ ಹೆಂಡತಿ ಅನುಸೂಯಾಳಿಗೆ ಹೊಟ್ಟೆಶೂಲೆ ಎದ್ದಿತು. ನಿಪ್ಪಾಣಿಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಪಿತ್ತದ ಹರಳು ತೆಗೆದರು. ಅಂಕಲಿಗೆ ಕೊಟ್ಟಿದ್ದ ಮಗಳು ಮನಿಷಾ ತಾಯಿಯ ಹತ್ತಿರ ಬಂದು ಕೂತಳು. ಮನೆ, ಎಮ್ಮೆ, ಕರು ಅಣ್ಣಾಸಾಬನ ಪಾಲಿಗೆ ಬಂದವು.

ಆಪರೇಶನ್ ಚೆನ್ನಾಗಿಯೇ ಆಗಿತ್ತು. ಆದರೆ ಅನುಸೂಯಾ ಹೆದರಿಬಿಟ್ಟಿದ್ದಳು. ಹೊಲಿಗೆ ಬಿಚ್ಚೀತೆಂದು ಕೆಮ್ಮಲೊಲ್ಲಳು, ಉದ್ದ ಉಸಿರು ಎಳೆಯಲೊಲ್ಲಳು, ಹಾಸಿಗೆ ಬಿಟ್ಟು ಏಳಲೊಲ್ಲಳು. ಎದೆಯಲ್ಲಿ ಕಫ ಕಟ್ಟತೊಡಗಿತ್ತು. "ಹಿಂಗ ಮಲಗೇ ಇದ್ರ ಹೊಟ್ಟಿಗಿಂತ ಎದಿ ಕೆಡತೈತಿ ನೋಡ್ರಿ. ಏನರ ಮಾಡಿ ಕೆಮ್ಮಸ್ರಿ, ನಡಸ್ರಿ" ಎಂದು ಡಾಕ್ಟರು ದಿನವೂ ಹೇಳಿ ಹೋಗುತ್ತಿದ್ದರು. ನರ್ಸ್ ತ್ರಿಶಲಾ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮುವುದನ್ನು ತಾನೇ ಮಾಡಿ ತೋರಿಸಿ ತೋರಿಸಿ ಗಂಟಲು ಕಟ್ಟಿಸಿಕೊಂಡಿದ್ದಳು. ಅನುಸೂಯಾ ಮಾತ್ರ ತಿರುಗುವ ಫ್ಯಾನನ್ನೇ ನೋಡುತ್ತ ಮಲಗಿರುತ್ತಿದ್ದಳು. ಗಂಡನ ಮುಖ ಕಂಡಾಗ ಒಂದೇ ಮಾತು ಕೇಳುತ್ತಿದ್ದಳು.

"ಚಂದ್ರಿ ಹಾಲ ಕೊಟ್ಟಳೇನ್ರಿ?"

"ಬಕೀಟ ತುಂಬ" ಎನ್ನುತ್ತಿದ್ದ ಅಣ್ಣಾಸಾಬ.

ಕೊರಳಲ್ಲಿ ತುಳಸಿಮಾಲೆ ಹಾಕಿ ಆಷಾಢಕ್ಕೆ ಪಂಢರಪುರಕ್ಕೆ ನಡೆದು ಹೋಗುವ ಮನುಷ್ಯ. ಸುಳ್ಳು ಹೇಳಿ ಅಭ್ಯಾಸವಿಲ್ಲ. ಹೇಳಿದಾಗೆಲ್ಲ ಕೈ ತಾನಾಗಿಯೇ ಮಾಲೆಯನ್ನು ಅಂಗಿಯ ಒಳಗೆ ತಳ್ಳುತ್ತಿತ್ತು, ವಿಠ್ಠಲನಿಗೆ ಕೇಳಿಸದಿರಲಿ ಎಂಬಂತೆ. ಏಕೆಂದರೆ ಚಂದ್ರಿ ಬಕೀಟು ತುಂಬುವುದಿರಲಿ, ತಳ ತೋಯುವಷ್ಟೂ ಹಾಲು ಇಳಿಸಿರಲಿಲ್ಲ. ಅನುಸೂಯಾಳ ಕೈ ಬಿಟ್ಟರೆ ಬೇರೆ ಕೈ ಅರಿಯದ ಎಮ್ಮೆ ಅದು. ಅಣ್ಣಾಸಾಬ ಕೂತರೆ ಮುಖ ತಿರುಗಿಸಿ ನೋಡುತ್ತಿತ್ತು, ಕರೆಯದೆ ಊಟಕ್ಕೆ ಬಂದ ನೆಂಟನನ್ನು ನೋಡಿದ ಹಾಗೆ. ಮರುಗಳಿಗೆಗೆ ಕಾಲು ಎತ್ತುತ್ತಿತ್ತು. ಹಿಂಡಿ ಇಟ್ಟ, ಬೆಲ್ಲ ಇಟ್ಟ, ಕರು ಬಿಟ್ಟ, ಅಭಂಗ ಹಾಡಿದ. ಅಭಂಗ ಕೇಳಿ ಚಂದ್ರಿ ಗಂಜಲ ಹೊಯ್ದಿತು, ಅಷ್ಟೇ. ಕೆಚ್ಚಲು ಕಲ್ಲಿನ ಹಾಗೆ ಬಿಗಿಯುತ್ತ ಬಂತು. ಹೀಗೇ ಬಿಟ್ಟರೆ ಬಾವು ಬಂದು ಎಮ್ಮೆ ಬತ್ತಿಹೋಗುವುದು ಖಂಡಿತ. ಚಂದ್ರಿ ಬತ್ತಿತೆಂದು ಗೊತ್ತಾದರೆ ಅನುಸೂಯಾ ಆ ಹಾಸಿಗೆಯಿಂದ ಏಳುವಳೆಂಬ ನಂಬಿಕೆ ಅವನಿಗಿರಲಿಲ್ಲ.

ಒಂದು ಬೆಳಗ್ಗೆ ಹಾಗೆಯೇ ಒದೆ ತಿಂದು ಎದ್ದವನಿಗೆ ಕಣ್ಣಲ್ಲಿ ನೀರು ಬಂತು. ಕೊಟ್ಟಿಗೆಯ ಹಗ್ಗದ ಮೇಲೆ ಅನುಸೂಯಾಳ ಹಸಿರು ಸೀರೆ, ಕೆಂಪಂಚಿನದು, ಆಕೆ ಆಸ್ಪತ್ರೆಗೆ ಹೋದ ದಿನ ಬಿಟ್ಟುಹೋದಂತೆಯೇ ನೇತಾಡುತ್ತಿತ್ತು. ಅದರ ಸೆರಗು ತೆಗೆದು ಕಣ್ಣು ಒರೆಸಿಕೊಂಡ. ಒಲೆಯ ಹೊಗೆ, ಹಿಂಡಿ, ಕೊಬ್ಬರಿ ಎಣ್ಣೆ, ಎಲ್ಲ ಸೇರಿದ ವಾಸನೆ. ಅವನು ಹಾಗೆಯೇ ಕಣ್ಣು ಮುಚ್ಚಿ ನಿಂತಿರಲು ಹಿಂದಿನಿಂದ ಯಾರೋ ಆ ಸೆರಗನ್ನು ಮೆಲ್ಲಗೆ ಎಳೆದರು. ನೋಡಿದರೆ ಚಂದ್ರಿ. ಕತ್ತು ಚಾಚಿ ಸೀರೆಯನ್ನು ಮೂಸಿ, ಗಂಟಲೊಳಗೆ ಹೂಂಗುಡುತ್ತಿತ್ತು.

ಅಣ್ಣಾಸಾಬ ಅತ್ತ ಇತ್ತ ನೋಡಿದ. ಬಾಗಿಲು ಮುಚ್ಚಿದ. ಧೋತರದ ಮೇಲೆ ಸೀರೆ ಸುತ್ತಿಕೊಂಡು, ತಲೆಯ ಮೇಲೆ ಸೆರಗು ಎಳೆದು ಕೂತ. ಆ ಹೊತ್ತು ಬಕೀಟಿನಲ್ಲಿ ಬಿದ್ದ ಹಾಲಿನ ಸದ್ದು ಅವನಿಗೆ ವಿಠ್ಠಲ ಮಂದಿರದ ತಾಳದ ಹಾಗೆ ಕೇಳಿಸಿತು.

ಅಲ್ಲಿಂದ ಅದೇ ರೂಢಿಯಾಯಿತು. ಬೆಳಕು ಹರಿಯುವ ಮೊದಲು ಒಮ್ಮೆ, ಸಂಜೆ ಬಾಗಿಲು ಹಾಕಿಕೊಂಡು ಒಮ್ಮೆ. ಸೆರಗಿನ ಒಳಗೆ ಬೇರೊಂದು ಲೋಕ ಇತ್ತು. ಹೊರಗಿನ ಸಪ್ಪಳ ದೂರವಾಗುತ್ತಿತ್ತು. ಎಮ್ಮೆಯ ಬೆಚ್ಚನೆಯ ಪಕ್ಕೆಗೆ ಹಣೆ ಆನಿಸಿ ಕೂತರೆ ಹಿಂಡುತ್ತಿರುವ ಕೈ ತನ್ನದೋ ಅವಳದೋ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಅವಳು ಇಲ್ಲಿ ಕೂತು ಗುಣುಗುಣು ಎನ್ನುತ್ತಿದ್ದಳಲ್ಲ, ಎಮ್ಮೆಗೆ ಏನು ಹೇಳುತ್ತಿದ್ದಳು? ಅವನು ಒಮ್ಮೆಯೂ ಕೇಳಿರಲಿಲ್ಲ. ಈಗ ಅವನೂ ಗುಣುಗುಣು ಎನ್ನತೊಡಗಿದ. "ಆಕಿ ಏಳವಲ್ಲಳು ಚಂದ್ರಿ. ಏನ ಮಾಡ್ಲಿ ಹೇಳು" ಎನ್ನುತ್ತಿದ್ದ. ಚಂದ್ರಿ ಕಿವಿ ಅಲುಗಿಸುತ್ತಿತ್ತು.

ಹೀಗೆ ನಡೆದಿರಲು, ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಹಿಂದೆಂದೂ ಇಲ್ಲದಂಥ ಮಂಜು ಬಿತ್ತು. ವೇದಗಂಗೆಯ ಕಡೆಯಿಂದ ಎದ್ದು, ಕಬ್ಬಿನ ಹೊಲ ದಾಟಿ, ಓಣಿಯೊಳಗೆ ಬಂದು ದನಗಳ ಕಾಲಿಗೆ ಬೆಕ್ಕಿನ ಹಾಗೆ ಸುತ್ತಿಕೊಂಡಿತು. ಕೊಟ್ಟಿಗೆಯ ಒಳಗೆ ಏನೂ ಕಾಣದಾದ್ದರಿಂದ ಅಣ್ಣಾಸಾಬ ಚಂದ್ರಿಯನ್ನು ಹೊರಗೆ ಅಂಗಳದ ಗೂಟಕ್ಕೆ ಕಟ್ಟಿ ಹಿಂಡಲು ಕೂತ. ಈ ಮಂಜಿನಲ್ಲಿ ದೇವರಿಗೂ ತಾನು ಕಾಣಿಸಲಾರೆ ಎಂದುಕೊಂಡ.

ದೇವರಿಗೆ ಕಾಣಿಸಿದನೋ ಇಲ್ಲವೋ, ಸೋನಾಬಾಯಿಗೆ ಕಾಣಿಸಿದ. ಸೋನಾಬಾಯಿ ಮೋಟುಗೋಡೆಯ ಆಚೆ ಮನೆಯವಳು, ಅನುಸೂಯಾಳನ್ನು ಅತ್ತಿಗೆಯೆಂದು ಬಗೆದು ವೈನಿ ಎಂದು ಕರೆಯುವವಳು. ಆ ಓಣಿಯ ಸುದ್ದಿಗಳು ಅವಳ ಬಾಯಲ್ಲಿಯೇ ನಡೆಯಲು ಕಲಿತು, ಆಮೇಲೆ ಊರ ತುಂಬ ಓಡುತ್ತಿದ್ದವು. ಮುಖ ತೊಳೆಯಲು ಹೊರಗೆ ಬಂದವಳು ಗೋಡೆಯ ಮೇಲಿನಿಂದ ಇಣುಕಿ, ಹಸಿರು ಸೀರೆ, ತಲೆಯ ಮೇಲಿನ ಸೆರಗು, ಎಮ್ಮೆಯ ಮಗ್ಗುಲಿನ ಗುಣುಗುಣು ಎಲ್ಲ ಕಂಡು ಕೇಳಿ ಹಿಗ್ಗಿದಳು.

"ಅಯ್ಯ, ಅನುಸೂಯಾ ವೈನಿ! ಯಾವಾಗ ಬಂದಿರೀ?"

ಅಣ್ಣಾಸಾಬನ ಜೀವ ಬಾಯಿಗೆ ಬಂತು. ತಿರುಗಿದರೆ ಮೀಸೆ ಕಾಣುತ್ತದೆ, ಮಾತಾಡಿದರೆ ಗಂಟಲು ಹೇಳುತ್ತದೆ. ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡು, ಬಕೀಟು ಎತ್ತಿಕೊಂಡು, ಒಂದೂ ಮಾತಾಡದೆ ಜೋಳದ ಕಣಕಿಯ ಬಣಿವೆಯ ಹಿಂದೆ ಮಂಜಿನೊಳಗೆ ಕರಗಿಹೋದ.

ಸೋನಾಬಾಯಿ ಅಲ್ಲಿಯೇ ಮರಗಟ್ಟಿ ನಿಂತಳು. ಹೊಲಿಗೆ ಹಾಕಿಸಿಕೊಂಡು ಮಲಗಿದ ಹೆಂಗಸು ನಿಪ್ಪಾಣಿಯಿಂದ ಈ ಹೊತ್ತಿನಲ್ಲಿ ಹೇಗೆ ಬಂದಾಳು? ಬಂದರೂ ಕರೆದರೆ ಮಾತಾಡದೆ ಹೋದಾಳೇ? ಮೇಲಾಗಿ, ಮಂಜಿನಲ್ಲಿ ಪಾದಗಳು ಕಂಡಿರಲಿಲ್ಲ. ಆಗ ಅವಳಿಗೆ ತಿಳಿಯಿತು. ಅನುಸೂಯಾ ರಾತ್ರಿಯೇ ತೀರಿಕೊಂಡಿದ್ದಾಳೆ. ಎಮ್ಮೆಯ ಮೇಲೆ ಜೀವವಿತ್ತು. ಹೋಗುವ ಮುನ್ನ ಒಮ್ಮೆ ಹಿಂಡಿ ಹೋಗಿದ್ದಾಳೆ.

ಅಣ್ಣಾಸಾಬ ಸೀರೆ ಬಿಚ್ಚಿ ಕೊಟ್ಟಿಗೆಯ ಹಗ್ಗಕ್ಕೆ ಹಾಕಿ, ಹಿಂದಿನ ಸಂದಿಯಿಂದ ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಮನೆಯ ಮುಂದೆ ಓಣಿಗೆ ಓಣಿಯೇ ಕೂತಿತ್ತು. ಗಂಡಸರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಹೆಂಗಸರು ಸೆರಗು ಬಾಯಿಗೆ ಒತ್ತಿದ್ದರು. ಗುಟ್ಟು ರಟ್ಟಾಗಿದೆ, ಇವರೆಲ್ಲ ನಗು ತಡೆದುಕೊಂಡು ಕೂತಿದ್ದಾರೆ ಎಂದು ಅಣ್ಣಾಸಾಬ ನಾಚಿ ನೆಲ ನೋಡಿದ.

ಭಾವುಸಾಹೇಬ ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದ. ಕೆಂಪು ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ಊರಿನ ಮದುವೆಯಾಗಲಿ ಮಣ್ಣಾಗಲಿ, ಮಂದಿಯನ್ನು ಹತ್ತಿಸಿ ಇಳಿಸುವ ಅಧಿಕಾರ ತನ್ನದೆಂದು ತಿಳಿದಿದ್ದ.

"ಗಟ್ಟಿ ಆಗಬೇಕಪಾ ಅಣ್ಣಾಸಾಬ" ಎಂದ. "ಒಂದಿನಾ ಎಲ್ಲಾರಿಗೂ ಗೊತ್ತಾಗೂದ ಇದು. ಸೋನಾಬಾಯಿ ಕಣ್ಣಾರೆ ನೋಡ್ಯಾಳ."

"ಏನ ಮಾಡೂದ್ರಿ ಭಾವುಸಾಹೇಬ" ಎಂದ ಅಣ್ಣಾಸಾಬ ಸಣ್ಣ ದನಿಯಲ್ಲಿ. "ಎಮ್ಮಿ ಸಲುವಾಗಿ ಹಿಂಗ ಆತು."

"ಹೌದು ಹೌದು. ಎಮ್ಮಿ ಮ್ಯಾಲ ಅಷ್ಟ ಜೀಂವಾ" ಎಂದು ಭಾವುಸಾಹೇಬ ಮೂಗು ಸೇದಿದ. ಮುದಿ ಮಲಕವ್ವ ಬಿಕ್ಕಿದಳು.

ಅಣ್ಣಾಸಾಬನಿಗೆ ಇಷ್ಟರಲ್ಲಿ ಏನೋ ಸರಿ ಇಲ್ಲ ಅನ್ನಿಸತೊಡಗಿತು. ಸೀರೆ ಉಟ್ಟದ್ದಕ್ಕೆ ಜನ ನಗುತ್ತಾರೆ, ಅಳುವುದಿಲ್ಲ. ಎಲ್ಲರಿಗೂ ಚಹಾ ಮಾಡೋಣವೆಂದು ಒಳಗೆ ಹೋದರೆ ಒಲೆಯ ಮುಂದೆ ಅಡ್ಡಗಟ್ಟಿ ಇಬ್ಬರು ಹೆಂಗಸರು ನಿಂತಿದ್ದರು.

"ಬ್ಯಾಡ್ರಿ ಅಣ್ಣಾ, ಇವತ್ತ ಒಲಿ ಹಚ್ಚಬ್ಯಾಡ್ರಿ. ರೊಟ್ಟಿ ನಾವ ತಂದೀವಿ."

ಅವನು ನೋಡಿದ. ಕಟ್ಟೆಯ ಮೇಲೆ ಬುಟ್ಟಿಗಳ ಸಾಲು. ಬಿಳಿ ಅರಿವೆ ಮುಚ್ಚಿದ ರೊಟ್ಟಿ, ಝುಣಕ, ಪಾತ್ರೆಗಳಲ್ಲಿ ಅಂಬಲಿ. ಓಣಿಯವರು ರೊಟ್ಟಿ ತಂದು, ಒಲೆ ಹಚ್ಚಗೊಡದೆ ಇರುವುದು ಯಾವ ಮನೆಯಲ್ಲಿ ಎಂಬುದು ಅವನಿಗೆ ಗೊತ್ತಿತ್ತು. ಅವನ ತಾಯಿ ಹೋದ ದಿನ ಇದೇ ಕಟ್ಟೆಯ ಮೇಲೆ ಹೀಗೆಯೇ ಬುಟ್ಟಿಗಳು ಕೂತಿದ್ದವು.

"ಏನಾಗೈತಿ?" ಎಂದ. "ಏನಾಗೈತ್ರೀ ಆಕಿಗೆ?"

ಸಾವಿನ ಮಾತನ್ನು ನೇರವಾಗಿ ಬಾಯಿಬಿಟ್ಟು ಹೇಳುವ ರೂಢಿ ಆ ಸೀಮೆಯಲ್ಲಿ ಇಲ್ಲ. ಹೆಂಗಸರು ಗಂಡಸರ ಕಡೆ ನೋಡಿದರು, ಗಂಡಸರು ಭಾವುಸಾಹೇಬನ ಕಡೆ ನೋಡಿದರು, ಭಾವುಸಾಹೇಬ ಮಾಳಿಗೆಯ ಜಂತಿ ನೋಡಿದ.

"ಏನಿಲ್ಲ. ಸ್ವಲ್ಪ ಜಾಸ್ತಿ ಆಗೈತಂತ. ಎಲ್ಲಾರೂ ಕೂಡೇ ಹೋಗಿ ಬರೂಣು, ನಡಿ."

ಅಷ್ಟು ಸಾಕಾಯಿತು. ಅಣ್ಣಾಸಾಬ ಮನಿಷಾಗೆ ಫೋನ್ ಹಚ್ಚಿದ. ಗಂಟೆ ಹೊಡೆದು ಹೊಡೆದು ನಿಂತಿತು. ಇನ್ನೊಮ್ಮೆ ಹಚ್ಚಿದ. ಎತ್ತಲಿಲ್ಲ. "ಪಾಪ, ಹುಡಿಗಿ ಹೆಂಗ ಮಾತಾಡ್ತೈತಿ ಇಂಥಾ ಹೊತ್ತಿನ್ಯಾಗ" ಎಂದು ಮಲಕವ್ವ ಅಂದದ್ದು ಅವನ ಕಿವಿಗೂ ಬಿತ್ತು.

ಓಣಿಯ ಹುಡುಗ ಉತ್ತಮನ ಟೆಂಪೋ ಬಂತು. ಭಾವುಸಾಹೇಬ ಎಲ್ಲರನ್ನೂ ಹತ್ತಿಸಿದ. "ಒಳಗ ಸರೀರಿ, ಒಳಗ ಸರೀರಿ, ಹಿಂದ ಜಾಗಾ ಐತಿ" ಎಂದ. ರೊಟ್ಟಿಯ ಬುಟ್ಟಿಗಳೂ ಅಂಬಲಿಯ ಪಾತ್ರೆಗಳೂ ಹತ್ತಿದವು, ಕಟ್ಟೆಯ ಮೇಲೆ ಬಿಟ್ಟರೆ ನಾಯಿ ಮುಟ್ಟೀತೆಂದು ಹೆಂಗಸರು ಎತ್ತಿಕೊಂಡಿದ್ದರು. ಟೆಂಪೋದ ಮೈಗೆ ಎರಡು ಸಲ ಬಡಿದು ಭಾವುಸಾಹೇಬ "ರೈಟ್" ಎಂದ. ಉತ್ತಮ ಗಾಡಿ ಚಾಲೂ ಮಾಡಿದ ಕೂಡಲೇ ಹಿಂದಿನ ದಿನದ ಮದುವೆಯ ಹಾಡು ಡೋಲಿನ ಸಮೇತ ಎದ್ದು ಕುಣಿಯಿತು. ನಾಲ್ಕು ಕೈಗಳು ಏಕಕಾಲಕ್ಕೆ ಅದರ ಕತ್ತು ಹಿಸುಕಿದವು.

ದಾರಿಯುದ್ದಕ್ಕೂ ಮಂಜು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಕನಸಿನಲ್ಲಿ ಬರುವ ಆನೆಗಳ ಹಾಗೆ ಎದುರಾಗಿ, ಸರಿದು, ಇಲ್ಲವಾಗುತ್ತಿದ್ದವು. ಅಣ್ಣಾಸಾಬ ಹೊರಗೆ ನೋಡುತ್ತ ಕೂತಿದ್ದ. ಮದುವೆಯಾದ ಹೊಸತರಲ್ಲಿ ಇದೇ ದಾರಿಯಲ್ಲಿ ಚಕ್ಕಡಿಯಲ್ಲಿ ಹೆಂಡತಿಯನ್ನು ನಿಪ್ಪಾಣಿ ಸಂತೆಗೆ ಕರೆದೊಯ್ದಿದ್ದ. ಬಳೆ ಇಡಿಸಿಕೊಂಡು ಬರುವಾಗ ಅವಳು ದಾರಿಯುದ್ದಕ್ಕೂ ಕೈ ಅಲ್ಲಾಡಿಸಿ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಎತ್ತಿನ ಗಂಟೆಗೂ ಬಳೆಗೂ ಪಂದ್ಯ ನಡೆದಂತಿತ್ತು. ಈಗ ಆ ಸದ್ದು ಮಂಜಿನ ಆಚೆ ಎಲ್ಲೋ, ಇನ್ನೂ ಒಂದು ತಿರುವು ದಾಟಿದರೆ ಸಿಗುವಷ್ಟು ಹತ್ತಿರ ಕೇಳುತ್ತಿತ್ತು. ತಿರುವು ದಾಟಿದರೆ ಮತ್ತೆ ಆಚೆ.

ಅವನು ಅಂಗಿಯ ಒಳಗಿನಿಂದ ಮಾಲೆಯನ್ನು ಹೊರಗೆ ತೆಗೆದು ಮುಷ್ಟಿಯಲ್ಲಿ ಹಿಡಿದ. 'ಪಾಂಡುರಂಗಾ, ಮುಚ್ಚುಮರೆ ಮಾಡಿ ಸೀರೆ ಉಟ್ಟೆ, ಸುಳ್ಳು ಹೇಳಿದೆ. ತಪ್ಪು ನನ್ನದು. ಆಕೆಯನ್ನು ಒಮ್ಮೆ ಉಳಿಸಿಕೊಡು. ಎಮ್ಮೆ ಬತ್ತುವ ತನಕ ಆ ಸೀರೆಯನ್ನು ಊರೆಲ್ಲ ನೋಡುತ್ತಿರಲು, ನಡುಅಂಗಳದಲ್ಲಿ ಉಟ್ಟು ಹಿಂಡುತ್ತೇನೆ. ನಿನ್ನಾಣೆ.' ಇಂಥ ಹರಕೆ ವಿಠ್ಠಲನಿಗೆ ಅದುವರೆಗೆ ಯಾರೂ ಹೊತ್ತಿರಲಿಕ್ಕಿಲ್ಲ. ಆದರೆ ಅವನ ಹತ್ತಿರ ಆ ಹೊತ್ತಿಗೆ ನಾಚಿಕೆಯೊಂದನ್ನು ಬಿಟ್ಟು ಕೊಡಲು ಬೇರೇನೂ ಉಳಿದಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು "ಏ, ಇಷ್ಟ ಮಂದಿ ಎಲ್ಲಿಗ್ರೀ?" ಎಂದು ಅಡ್ಡ ಬಂದ. ಭಾವುಸಾಹೇಬ "ಸ್ಪೆಷಲ್ ಗಾಡಿ" ಎಂದು ಅವನನ್ನು ಪಕ್ಕಕ್ಕೆ ಸರಿಸಿದ. ಅಣ್ಣಾಸಾಬ ಎಲ್ಲರಿಗಿಂತ ಮುಂದೆ ವಾರ್ಡಿನೊಳಗೆ ನುಗ್ಗಿದ.

ಅನುಸೂಯಾಳ ಹಾಸಿಗೆ ಖಾಲಿ ಇತ್ತು. ಚಾದರ ತೆಗೆದುಹಾಕಿತ್ತು. ಬರಿಯ ಗಾದಿ, ಅದರ ಮೇಲೆ ಮನಿಷಾಳ ಚೀಲ. ಚೀಲದೊಳಗೆ ಫೋನು ಬಡಿದುಕೊಳ್ಳುತ್ತಿತ್ತು, ಹಿಂದಿನಿಂದ ಉತ್ತಮ ತನ್ನ ಫೋನಿನಿಂದ ಅವಳಿಗೆ ಹಚ್ಚುತ್ತಿದ್ದ.

ಅಣ್ಣಾಸಾಬ ಆ ಗಾದಿಯ ಅಂಚನ್ನು ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತ. ಹಿಂದಿನಿಂದ ಮಲಕವ್ವ ರಾಗ ಎತ್ತಿದಳು. "ಹೋದೇನ ನನ ತಂಗೀ, ಎಮ್ಮೀ ಬಿಟ್ಟ ಹೋದೇನ!" ಉಳಿದ ಹೆಂಗಸರು ಕೂಡಿಕೊಂಡರು. ಬೇರೆ ಹಾಸಿಗೆಯ ರೋಗಿಗಳು, ಯಾರೆಂದು ತಿಳಿಯದಿದ್ದರೂ, ಸುಮ್ಮನೆ ಇರುವುದು ಸರಿಯಲ್ಲವೆಂದು ತಾವೂ ಕಣ್ಣು ಒರೆಸಿಕೊಂಡರು.

ಅಷ್ಟರಲ್ಲಿ ವರಾಂಡದ ಕೊನೆಯಿಂದ ಒಂದು ಬಿಳಿ ಆಕಾರ ಬಂತು. ತಲೆಯ ಮೇಲೆ ಬಿಳಿ ಚಾದರ ಹೊದ್ದು, ಒಂದು ಕಡೆ ನರ್ಸ್ ತ್ರಿಶಲಾ, ಒಂದು ಕಡೆ ಮನಿಷಾ ಹಿಡಿದಿರಲು, ಹೆಜ್ಜೆ ಎತ್ತದೆ ತೇಲಿದ ಹಾಗೆ ಬರುತ್ತಿತ್ತು. ಮೊದಲು ಕಂಡವಳು ಸೋನಾಬಾಯಿ.

"ಬಂದ್ಲು! ಇಲ್ಲಿಗೂ ಬಂದ್ಲು!" ಎಂದು ಕಿರುಚಿ ಅವಳು ಭಾವುಸಾಹೇಬನ ಮೇಲೆ ಬಿದ್ದಳು. ಭಾವುಸಾಹೇಬ ಉತ್ತಮನ ಮೇಲೆ ಬಿದ್ದ. ಉತ್ತಮ ಝುಣಕದ ಬುಟ್ಟಿ ಒಂದನ್ನು ಮಾತ್ರ ಮೇಲೆತ್ತಿ ಹಿಡಿದು ತಾನು ಕೆಳಗೆ ಬಿದ್ದ.

ಬಿಳಿ ಆಕಾರ ನಿಂತಿತು. "ಅಯ್ಯ, ನಮ್ಮ ಓಣಿಯವರು" ಎಂದು ಗಾಬರಿಯಾಗಿ ಎಲ್ಲರ ಮುಖ ನೋಡಿತು. "ಹಿಂಗ್ಯಾಕ ಅಳಾಕತ್ತೀರಿ? ಯಾರ ಹೋದರವ್ವಾ?"

"ನೀವ ಹೋಗೀರಲ್ಲರೀ ವೈನಿ!" ಎಂದಳು ಸೋನಾಬಾಯಿ ನೆಲದಿಂದಲೇ.

ಅಣ್ಣಾಸಾಬ ಎದ್ದ. ಹೋಗಿ ಹೆಂಡತಿಯ ಕೈ ಹಿಡಿದು ಅದುಮಿ ನೋಡಿದ. ಬೆಚ್ಚಗಿತ್ತು. ಬಳೆ ಗಲಗಲ ಎಂದವು. ಊರ ಮಂದಿಯ ಎದುರು ಹೆಂಡತಿಯ ಕೈ ಹಿಡಿದದ್ದು ಧಾರೆಯ ನಂತರ ಅದೇ ಮೊದಲು.

"ಚಾದರ ಬದಲಿ ಮಾಡೂತನಕಾ ಅಂತ ಬಲವಂತಲೆ ಎಬ್ಬಿಸಿ ಇಷ್ಟ ನಡಸಿದ್ವಿರಿ" ಎಂದಳು ತ್ರಿಶಲಾ ಏನೂ ತಿಳಿಯದೆ. "ವರಾಂಡಾ ತುದಿಗೆ ಹೋಗಿ ಬರೂದ್ರಾಗ ಇದೇನ್ರಿ ಜಾತ್ರಿ?"

ಆಮೇಲೆ ಒಬ್ಬೊಬ್ಬರೂ ಒಂದೊಂದು ತುದಿಯಿಂದ ಹೇಳಿ ಹೇಳಿ ಸಂಗತಿ ಹೊರಬಂತು. ಎಲ್ಲ ಕೇಳಿದ ಮೇಲೆ ಭಾವುಸಾಹೇಬ ಟೊಪ್ಪಿಗೆ ತಲೆಗೆ ಏರಿಸಿಕೊಂಡು, ತಿಕೀಟು ಇಲ್ಲದವನನ್ನು ಹಿಡಿದ ದನಿಯಲ್ಲಿ ಕೇಳಿದ:

"ಅದೆಲ್ಲಾ ಖರೆ. ವೈನಿ ಇಲ್ಲೇ ಅದಾರ. ಹಂಗಾದ್ರ ಮುಂಜಾನಿ ಹಸರ ಸೀರ್ಯಾಗ ಎಮ್ಮಿ ಹಿಂಡಿದಾಕಿ ಯಾರು?"

ದೂರದ ಹಾಸಿಗೆಯ ಒಬ್ಬ ಮುದುಕಿ ಕಿವಿಯ ಮೇಲಿನ ಸೆರಗು ಸರಿಸಿದಳು. ಅನುಸೂಯಾ ಮೆಲ್ಲಗೆ ಗಂಡನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ನನ್ನ ಹಸರ ಸೀರಿ? ಕೆಂಪ ದಂಡೀದು?"

"ಅದ ರೀ ವೈನಿ" ಎಂದಳು ಸೋನಾಬಾಯಿ. ದೆವ್ವ ಹೋಗಿ ಅದಕ್ಕಿಂತ ರುಚಿಯಾದ ಸುದ್ದಿ ಸಿಕ್ಕೀತೆಂಬ ಆಸೆ ಅವಳ ಕಣ್ಣಲ್ಲಿ ಮಿನುಗಿತು. "ನಾ ಕರದರ ಮಾರಿ ಮುಚಗೊಂಡ ಓಡಿ ಹೋದಳು."

"ಅಪ್ಪಾ!" ಎಂದಳು ಮನಿಷಾ.

"ಏನ್ರಿ" ಎಂದಳು ಅನುಸೂಯಾ ಗಂಡನಿಗೆ, ಬಹಳ ಶಾಂತವಾಗಿ. "ನಾ ಸಾಯಾಕ ಬಿದ್ದೇನಿ. ಮನ್ಯಾಗ ನನ್ನ ಸೀರಿ ಯಾರಿಗೆ ಉಡಿಸೀರಿ?"

ಅಣ್ಣಾಸಾಬ ಸುತ್ತಲೂ ನೋಡಿದ. ಓಣಿಯ ಮುಖಗಳು, ರೋಗಿಗಳ ಮುಖಗಳು, ಬಾಗಿಲಲ್ಲಿ ಕಾವಲಿನವನ ಮುಖ. ಬಣಿವೆಯೂ ಇಲ್ಲ, ಮಂಜೂ ಇಲ್ಲ.

"ಬ್ಯಾರೆ ಯಾರೂ ಅಲ್ಲ" ಎಂದ. "ನಾನ."

"ಏನು ನೀವ?"

"ನಾನ ಉಟ್ಟಿದ್ನಿ. ನಿನ್ನ ಸೀರಿ ವಾಸನಿ ಇಲ್ಲಂದ್ರ ನಿನ್ನ ಚಂದ್ರಿ ಹಾಲ ಇಳಸೂದಿಲ್ಲ. ಮೊದಲ ಬಕೀಟ ತುಂಬ ಕೊಟ್ಟಳಂತ ನಿನಗ ಸುಳ್ಳ ಹೇಳಿನಿ. ಆಮ್ಯಾಲ ಸೀರಿ ಉಟ್ಟನಿ, ಆವಾಗಿಂದ ಹೇಳಿದ್ದು ಖರೆ."

ಅನುಸೂಯಾ ಅವನನ್ನೇ ನೋಡಿದಳು. ಮೀಸೆಯನ್ನು ನೋಡಿದಳು, ಕೊರಳ ಮಾಲೆಯನ್ನು ನೋಡಿದಳು. ಆಮೇಲೆ ಎಲ್ಲಿಯೋ ನೋಡಿದಳು, ಅಂಗಳ, ಮಂಜು, ಸೆರಗು ಹೊದ್ದ ಮೀಸೆ ಅವಳ ಕಣ್ಣಮುಂದೆ ಬಂದಿರಬೇಕು. ತುಟಿಯ ತುದಿ ಅಲುಗಿತು.

"ನಿರಗಿ ಹೆಂಗ ಹಿಡದ್ರಿ?"

"ಹಿಡೀಲಿಲ್ಲ. ಉರಲ ಹಾಕಿ ಕಟ್ಟಿನಿ, ಕಬ್ಬಿನ ಹೊರಿ ಕಟ್ಟಿದಂಗ."

ಅಷ್ಟೇ. ಅನುಸೂಯಾ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. "ಅವ್ವಾ, ನಗಸಬ್ಯಾಡ್ರಿ, ಹೊಲಗಿ, ಹೊಲಗಿ" ಎಂದು ಹೊಟ್ಟೆ ಹಿಡಿದುಕೊಂಡಳು. ನಗು ಕೆಮ್ಮಾಯಿತು, ಕೆಮ್ಮು ನಗುವಾಯಿತು. ತ್ರಿಶಲಾ ಓಡಿ ಬಂದು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು, "ಹಂಗ! ಹಂಗ ಕೆಮ್ಮರಿ ಕಾಕು! ಇದಕ್ಕ ನಾ ದಿನಾ ಬಡಕೊಂಡಿದ್ನಿ. ಕಾಕಾ, ಮತ್ತೊಮ್ಮೆ ಹೇಳ್ರಿ, ಉರಲ ಹೆಂಗ ಕಟ್ಟಿದ್ರಿ?" ಎಂದಳು.

ಅಣ್ಣಾಸಾಬ ಮತ್ತೊಮ್ಮೆ ಹೇಳಿದ. ಮೂರನೆಯ ಸಲ ಚಾದರ ಕೊಟ್ಟು ಮಾಡಿಯೇ ತೋರಿಸಲು ಹೇಳಿದರು, ಮಾಡಿ ತೋರಿಸಿದ. ಎದೆಯಲ್ಲಿ ಕಟ್ಟಿದ್ದ ಕಫವೆಲ್ಲ ಸಡಿಲಾಗಿ ಬಂತು. ವಾರ್ಡಿಗೆ ವಾರ್ಡೇ ಹೊಟ್ಟೆ ಹಿಡಿದುಕೊಂಡಿತು, ಹೊಲಿಗೆ ಇದ್ದವರೂ ಇಲ್ಲದವರೂ. ಬುಟ್ಟಿಗಳ ಅರಿವೆ ಬಿಚ್ಚಿದರು. ಸತ್ತ ಮನೆಗೆಂದು ತಟ್ಟಿದ ರೊಟ್ಟಿಯನ್ನು ಎಲ್ಲರೂ ಕೂತು ತಿಂದರು. ಡಾಕ್ಟರು ಬಂದು ಬೈಯಲು ಬಾಯಿ ತೆರೆದವರು ಅನುಸೂಯಾಳ ಎದೆಗೆ ಕೊಳವೆ ಇಟ್ಟು ಕೇಳಿ, ಬಾಯಿ ಮುಚ್ಚಿ, ತಾವೂ ಒಂದು ತುಣುಕು ಕೈಗೆ ತೆಗೆದುಕೊಂಡರು. ಅನುಸೂಯಾಳಿಗೆ ಅಂಬಲಿ ಆಗಬಹುದೆಂದರು. ಅವಳು ತನ್ನ ಸಾವಿನ ಅಂಬಲಿಯನ್ನು ಬಟ್ಟಲು ತುಂಬ ಕುಡಿದು, "ಉಪ್ಪ ಕಡಿಮಿ ಆಗೈತಿ ಸೋನಾಬಾಯಿ" ಎಂದಳು.

"ದುಃಖದಾಗ ಮಾಡಿದ್ದರಿ ವೈನಿ" ಎಂದಳು ಸೋನಾಬಾಯಿ.

ಹೊರಡುವ ಮುನ್ನ ಅನುಸೂಯಾ ಗಂಡನನ್ನು ಹತ್ತಿರ ಕರೆದಳು.

"ಸೀರಿ ಯಾಕ ಉಡಾಕ ಹೋದ್ರಿ? ನನ್ನ ಒಂದ ಮಾತ ಕೇಳಬಾರದಾ? ಚಳ್ಯಾಗ ಹಿಂಡೂವಾಗ ನಾ ಸೀರಿ ಮ್ಯಾಲ ನಿಮ್ಮ ಹಳೀ ಖಾಕಿ ಅಂಗಿನ ಹಾಕ್ಕೊಂಡಿರ್ತೀನಿ. ಹೊಲದಾಗೂ ಅದನ ಹಾಕೂದು. ಕಣಕಿ ಕ್ವಾಣ್ಯಾಗ ಬಾಗಲ ಹಿಂದ ಮೊಳಿಗೆ ನೇತ ಹಾಕೇನಿ. ಅದನ್ನ ತೊಟ್ಟ ಕುಂಡ್ರರಿ. ನಿಮ್ಮ ಅಂಗಿ, ನಿಮ್ಮ ಎಮ್ಮಿ."

ಅಣ್ಣಾಸಾಬನಿಗೆ ಹೆಗಲ ಮೇಲಿನ ಕಬ್ಬಿನ ಹೊರೆ ಇಳಿದಂತಾಯಿತು. ತನ್ನದೇ ಅಂಗಿ! ಸಂಜೆ ಊರು ಮುಟ್ಟಿ ಹಿಂಡುವ ಹೊತ್ತಾದಾಗ ಮೋಟುಗೋಡೆಯ ಆಚೆ ಓಣಿಯೆಲ್ಲ ಸೇರಿತ್ತು. ಹಿಂದಿನ ಸಾಲಿನವರು ಕಲ್ಲುಗಳ ಮೇಲೆ ನಿಂತಿದ್ದರು.

"ನೋಡೂದ ಏನೂ ಇಲ್ರೀ. ಮನಿಗೆ ನಡೀರಿ" ಎಂದು ಹೇಳಿ ಅಣ್ಣಾಸಾಬ ಖಾಕಿ ಅಂಗಿ ತೊಟ್ಟು, ಗಂಡಸಾಗಿ, ಎದೆ ಸೆಟೆಸಿ ಬಕೀಟು ಹಿಡಿದು ಬಂದ. ಚಂದ್ರಿಯ ಮಗ್ಗುಲಿಗೆ ಕೂತ.

ಬಕೀಟು ಗೋಡೆಯ ಬುಡಕ್ಕೆ ಉರುಳಿ ಬಂತು. ಭಾವುಸಾಹೇಬ ಎತ್ತಿ ಮರಳಿ ಕೊಟ್ಟ. ಅಣ್ಣಾಸಾಬ ಅಂಗಿಯ ತೋಳನ್ನು ಚಂದ್ರಿಯ ಮೂಗಿಗೆ ಹಿಡಿದ. ಚಂದ್ರಿ ಮೂಸಿತು, ಸೀನಿತು, ಮುಖ ಹೊರಳಿಸಿತು. ಇನ್ನೊಮ್ಮೆ ಕೂತ. ಬಕೀಟು ಇನ್ನೊಮ್ಮೆ ಗೋಡೆಗೆ ಹೋಯಿತು. ಇಷ್ಟು ದಿನ ಬರೀ ಸೀರೆಯನ್ನು ಕಂಡ ಎಮ್ಮೆ ಈಗ ಕೊಟ್ಟಿಗೆಯ ಹಗ್ಗದ ಕಡೆ ಕತ್ತು ಚಾಚಿ, ಹಸಿರು ಸೆರಗನ್ನು ನೋಡಿ, ಸಣ್ಣಗೆ ಹೂಂಗುಟ್ಟಿತು. ಕರು ಅರಚತೊಡಗಿತು.

ಅದೇ ಹೊತ್ತಿಗೆ ಫೋನ್ ಬಂತು. ಅನುಸೂಯಾಳ ದನಿಯಲ್ಲಿ ಹೊಸ ಉಸಿರು ಇತ್ತು.

"ಇನ್ನ ನಿಮ್ಮ ಮಾತ ನಂಬೂದಿಲ್ಲ. ಫೋನ್ ಅಲ್ಲೇ ಇಡ್ರಿ. ಹಾಲ ಬಕೀಟನ್ಯಾಗ ಬೀಳೂ ಸಪ್ಪಳಾ ನನ್ನ ಕಿವಿಗೆ ಬೀಳಬೇಕು. ಆಮ್ಯಾಲ ಮಲಗತೀನಿ."

ಅಣ್ಣಾಸಾಬ ಆಕಾಶ ನೋಡಿದ. ಬೆಳಗಿನ ಟೆಂಪೋ, ಮಂಜು, ಮುಷ್ಟಿಯೊಳಗಿನ ಮಾಲೆ ನೆನಪಾದವು. ಊರೆಲ್ಲ ನೋಡುತ್ತಿರಲು, ನಡುಅಂಗಳದಲ್ಲಿ, ಎಮ್ಮೆ ಬತ್ತುವ ತನಕ. ಹೇಳಿದ್ದು ತಾನೇ. ಪಾಂಡುರಂಗ ತನ್ನ ಕಡೆಯ ಮಾತನ್ನು ಮಧ್ಯಾಹ್ನದೊಳಗೆ ನಡೆಸಿಕೊಟ್ಟು, ಈಗ ಇಟ್ಟಿಗೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು ಕಾಯುತ್ತಿದ್ದ.

ಖಾಕಿ ಅಂಗಿ ಕಳಚಿ ಗೂಟಕ್ಕೆ ಹಾಕಿದ. ಅಂಗಳದ ದೀಪ ಹಚ್ಚಿದ. ಹಸಿರು ಸೀರೆ ತೆಗೆದು, ಎಲ್ಲರ ಎದುರು, ಕಬ್ಬಿನ ಹೊರೆಗೆ ಹಾಕುವ ಉರುಲು ಹಾಕಿ ಕಟ್ಟಿ, ಸೆರಗು ಹೊದ್ದು ಕೂತ. ಚಂದ್ರಿ ಕಾಲು ಅಗಲಿಸಿ ನಿಂತು ಕಣ್ಣು ಅರೆಮುಚ್ಚಿತು. ಹಾಲು ಬಿದ್ದಿತು, ಮೊದಲು ಟಣ್ ಟಣ್ ಎಂದು, ಆಮೇಲೆ ನೊರೆಯ ಮೇಲೆ ಜೋಗುಳದ ಹಾಗೆ ಸೊರ್ ಸೊರ್ ಎಂದು. ನೆಲದ ಮೇಲಿದ್ದ ಫೋನಿನೊಳಗೆ ಅಷ್ಟು ದೂರದಲ್ಲಿ ಒಬ್ಬಳು ಸುಮ್ಮನೆ ಕೇಳುತ್ತಿದ್ದಳು. ಸೆರಗಿನ ಒಳಗೆ ಅವನಿಗೆ ಮತ್ತೆ ಆ ಕೈ ತನ್ನದೋ ಅವಳದೋ ತಿಳಿಯದಾಯಿತು.

"ಕೇಳ್ರಿಲ್ಲಿ" ಎಂದಿತು ಫೋನು ಕೊನೆಗೆ. "ಡಾಕ್ಟರ್ ಹೇಳ್ಯಾರ. ಯುಗಾದಿ ತನಕಾ ನಾ ಕುಕ್ಕರಗಾಲಿಲೆ ಕುಂಡ್ರಬಾರದಂತ. ಒಂದ ಸೀರ್ಯಾಗ ಹೆಂಗ ಮಾಡ್ತೀರಿ? ಪೆಟಗ್ಯಾಗ ಹಳದೀದು ಒಂದ ಐತಿ, ದಿನ ಬಿಟ್ಟ ದಿನಾ ಬದಲಿ ಮಾಡ್ರಿ."

ಗೋಡೆಯ ಮೇಲಿನಿಂದ ಸೋನಾಬಾಯಿ ಅಣ್ಣಾಸಾಬನ ಕಡೆ ಬಾಗಿದಳು. ಬೆಳಗಿನ ತಪ್ಪನ್ನು ತಿದ್ದಿಕೊಳ್ಳುವ ವಿನಯ ಅವಳ ದನಿಯಲ್ಲಿತ್ತು.

"ವೈನಿ, ನಾಳೆ ಸಂಜಿ ಮುಂದ ನಮ್ಮ ಮನ್ಯಾಗ ಅರಿಷಿಣ-ಕುಂಕುಮ ಐತ್ರಿ. ಹಳದಿ ಸೀರಿ ಉಟ್ಟ ಬರ್ರಿ ಮತ್ತ."

ಅಣ್ಣಾಸಾಬ ಒಂದು ಕೈಯಿಂದ ಹಿಂಡುತ್ತ, ಇನ್ನೊಂದು ಕೈಯಿಂದ, ಕಲಿತ ಹೆಂಗಸಿನ ಹಾಗೆ, ಸೆರಗನ್ನು ಮೀಸೆಯ ತನಕ ಎಳೆದುಕೊಂಡ.